ಮೊದಲ ಪುಸ್ತಕ ಮಾತ್ರ ಕೊಳ್ಳಿ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಮೇಲೆ. ರಜೆ ಹತ್ತಿರ ಬಂತು. ವಿಬಿಎಸ್ (ಮಕ್ಕಳ ರಜೆಯ ಬೈಬಲ್ ಶಾಲೆ) ಮುಗಿದ ಮೇಲೆ ಉಳಿಯುವ ಉದ್ದುದ್ದ ಮಧ್ಯಾಹ್ನಗಳಿಗೆ ಮಕ್ಕಳ ಕೈಗೆ ಏನು ಕೊಡೋಣ ಅಂತ ಎಲ್ಲರೂ ಕೇಳಿದ್ದಾರೆ. ಹಾಗಾಗಿ ಈ ತಿಂಗಳು ಬೇರೆ ಪ್ರಶ್ನೆಗಳಿಗೆ ರಜೆ.

ಪ್ರಶ್ನೆ: ಟೀಚರ್, ನನ್ನ ಮಗನಿಗೆ ಹತ್ತು ವರ್ಷ. ಸಿಕ್ಕಿದ್ದನ್ನೆಲ್ಲ ಓದುತ್ತಾನೆ. ಶಾಲೆಯ ಲೈಬ್ರರಿಯಿಂದ ಹ್ಯಾರಿ ಪಾಟರ್ ತಂದ ದಿನ ನಮ್ಮ ಅತ್ತೆ ಸತ್ಯವೇದ (ಬೈಬಲ್) ತೆಗೆದು ಧರ್ಮೋಪದೇಶಕಾಂಡ 18ನೇ ಅಧ್ಯಾಯ ಓದಿಸಿದರು. ಮಾಟ, ಮಂತ್ರ ಈ ಮನೆಯೊಳಗೆ ಬೇಡ ಅಂದರು. ಕ್ರೈಸ್ತ ಸಾಹಸ ಕಥೆಗಳ ಸೀರೀಸ್ ಬೇಕಾದಷ್ಟಿವೆಯಂತೆ. ಆನ್‌ಲೈನ್‌ನಲ್ಲಿ ನೋಡಿದರೆ ಏಳು ಪುಸ್ತಕದ ಬಾಕ್ಸ್, ನಲವತ್ತು ಪುಸ್ತಕದ ಸೆಟ್ ಅಂತೆಲ್ಲ ಕಾಣಿಸುತ್ತದೆ. ಯಾವುದು ತರಲಿ?
– ಲಿಂಗರಾಜಪುರದ ಒಬ್ಬ ತಾಯಿ

ಉತ್ತರ: ಬಾಕ್ಸ್ ಸೆಟ್ ತರಬೇಡಿ. ಮಿಕ್ಕ ಮಾತು ಆಮೇಲೆ.

ನಮ್ಮ ಚರ್ಚ್ ಸಭೆಯ ಹಾಲ್‌ನಲ್ಲಿ ಮಕ್ಕಳ ಪುಸ್ತಕ ಇಡುವ ಒಂದು ಗೋಡ್ರೇಜ್ ಕಪಾಟಿದೆ. ಬೀಗದ ಕೈ ನನ್ನ ಹತ್ತಿರ ಇರುತ್ತದೆ. ಊರಿಗೆ ಬಂದವರು, ವಿದೇಶದಲ್ಲಿ ಇರುವವರು ಪ್ರೀತಿಯಿಂದ ಸೆಟ್‌ಗಟ್ಟಲೆ ಕೊಡುತ್ತಾರೆ. ಆ ಸೆಟ್‌ಗಳನ್ನು ನೋಡಿದರೆ ಸಾಕು. ಒಂದನೆಯದರ ಬೆನ್ನು ಮುರಿದಿರುತ್ತದೆ, ಹಾಳೆಯ ಮೂಲೆಯಲ್ಲಿ ಚಕ್ಕುಲಿ ಎಣ್ಣೆ. ಎರಡನೆಯದು ಸ್ವಲ್ಪ ಸವೆದಿದೆ. ಮೂರರಿಂದಾಚೆಗೆ ಅಂಗಡಿಯಿಂದ ಬಂದ ಹಾಗೆಯೇ ಇವೆ. ಮಕ್ಕಳು ಸೋಮಾರಿಗಳು ಅಂತಲ್ಲ. ಆ ಕಥೆ ಆ ಮಗುವಿಗೆ ಹಿಡಿಸಲಿಲ್ಲ, ಅಷ್ಟೇ. ಒಂದೇ ಪುಸ್ತಕ ತಂದುಕೊಡಿ. ಎರಡನೆಯದು ಬೇಕು ಅಂತ ಅವನೇ ಬಂದು ಪೀಡಿಸಲಿ. ಪೀಡಿಸದಿದ್ದರೆ ನಿಮ್ಮ ದುಡ್ಡು ಉಳಿಯಿತು.

ಇನ್ನೊಂದು ಮಾತು. ಹಿಂಬದಿ ರಟ್ಟಿನ ಮೇಲೆ ‘ಕ್ರಿಶ್ಚಿಯನ್ ಫಿಕ್ಷನ್’ ಅಂತ ಇದ್ದರೆ ಅದನ್ನು ಅಂಗಡಿಯವನು ಯಾವ ಶೆಲ್ಫಿನಲ್ಲಿ ಇಡಬೇಕು ಅನ್ನುವುದು ಗೊತ್ತಾಗುತ್ತದೆ. ಕಥೆ ಚೆನ್ನಾಗಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ನಾನು ಪರೀಕ್ಷೆ ಮಾಡುವುದು ಹೀಗೆ. ಮೊದಲ ಅಧ್ಯಾಯ ಬಿಡಿ, ಅದನ್ನು ಎಲ್ಲರೂ ಚೆನ್ನಾಗಿಯೇ ಬರೆಯುತ್ತಾರೆ. ಪುಸ್ತಕದ ನಡುವೆ ಹುಡುಗನೋ ಹುಡುಗಿಯೋ ಕಷ್ಟಕ್ಕೆ ಸಿಕ್ಕಿ ಪ್ರಾರ್ಥನೆ ಮಾಡುವ ಜಾಗ ಹುಡುಕಿ. ಮುಂದಿನ ಎರಡು ಪುಟ ಓದಿ. ಹಗ್ಗ ಹರಿಯಿತು, ಪ್ರಾರ್ಥಿಸಿದ, ತಕ್ಷಣ ಯಾರೋ ದೋಣಿ ತಂದರು ಅಂತಿದ್ದರೆ ವಾಪಸ್ ಇಡಿ. ಹತ್ತು ವರ್ಷದ ಮಗು ಈ ಮೋಸವನ್ನು ನಮಗಿಂತ ಬೇಗ ಹಿಡಿಯುತ್ತದೆ. ಅವನ ಅಜ್ಜ ಕಾಯಿಲೆ ಬಿದ್ದಾಗ ಮನೆಯವರೆಲ್ಲ ಪ್ರಾರ್ಥಿಸಿದ್ದರು, ಅಜ್ಜ ಹುಷಾರಾಗಲಿಲ್ಲ. ಅದು ಅವನಿಗೆ ನೆನಪಿರುತ್ತದೆ. ಪ್ರಾರ್ಥನೆ ಮುಗಿದ ಮೇಲೂ ಕತ್ತಲೆ ಕತ್ತಲೆಯಾಗಿಯೇ ಇದ್ದು, ಹುಡುಗ ಹೆದರಿಕೊಂಡೇ ಒಂದು ಹೆಜ್ಜೆ ಮುಂದಿಟ್ಟರೆ, ಆ ಪುಸ್ತಕ ಕೊಳ್ಳಿ.

ನಿಮ್ಮ ಮನೆಗೆ ನಾನು ಮೊದಲು ಹೇಳುವುದು ‘ದಿ ಗ್ರೀನ್ ಎಂಬರ್’. ಅಮೆರಿಕದ ಎಸ್.ಡಿ. ಸ್ಮಿತ್ ಬರೆದದ್ದು, 2014ರಲ್ಲಿ ಬಂತು. ಕತ್ತಿ ಹಿಡಿದ ಮೊಲಗಳ ಕಥೆ. ಹೆದರ್ ಮತ್ತು ಪಿಕೆಟ್ ಅನ್ನುವ ಅಕ್ಕ ತಮ್ಮ. ತೋಳಗಳು ಬಂದು ಮನೆ ಸುಡುತ್ತವೆ, ಅಪ್ಪ ಅಮ್ಮ ಏನಾದರೋ ಗೊತ್ತಿಲ್ಲ, ಇಬ್ಬರೂ ಓಡಬೇಕು. ಇದರಲ್ಲಿ ಮಂತ್ರ ಇಲ್ಲ, ಮಾಟಗಾರರಿಲ್ಲ, ಮಂತ್ರದಂಡ ಇಲ್ಲವೇ ಇಲ್ಲ. ಅತ್ತೆಯವರು ಪುಟ ಪುಟ ತಿರುವಿ ನೋಡಲಿ. ಪಿಕೆಟ್‌ನ ಕಾಲಿಗೆ ಪೆಟ್ಟಾಗುತ್ತದೆ. ಆಮೇಲೆ ಅವನಿಗೆ ಎಲ್ಲರ ಮೇಲೂ ಸಿಟ್ಟು, ಸಹಾಯ ಮಾಡಲು ಬಂದವರ ಮೇಲಂತೂ ಇನ್ನೂ ಜಾಸ್ತಿ. ಆ ಮುನಿಸನ್ನು ಲೇಖಕರು ಬೇಗ ಮುಗಿಸುವುದಿಲ್ಲ, ಬೋಧನೆ ಮಾಡಿ ಓಡಿಸುವುದೂ ಇಲ್ಲ. ನನಗೆ ಇಷ್ಟವಾದದ್ದೇ ಅದು. ಯೇಸುವಿನ ಹೆಸರು ಎಲ್ಲೂ ಬರುವುದಿಲ್ಲ ಅಂತ ಕೆಲವರು ಗೊಣಗುತ್ತಾರೆ. ಕೆಟ್ಟುಹೋದ ಲೋಕ ಒಂದು ದಿನ ಸರಿಯಾಗುತ್ತದೆ ಅನ್ನುವ ನಂಬಿಕೆಯಲ್ಲಿ ಬಾಳುವ ಜನ ಅದರಲ್ಲಿದ್ದಾರೆ. ನನಗೆ ಅಷ್ಟು ಸಾಕು. ಯುದ್ಧ ಇದೆ, ಸಾವೂ ಇದೆ. ಹತ್ತು ವರ್ಷಕ್ಕೆ ನಡೆಯುತ್ತದೆ.

ಆಮೇಲೆ ನಾರ್ನಿಯಾ ಅನ್ನುವ ಕಲ್ಪನೆಯ ಲೋಕದ ಕಥೆಗಳು. ಸಿ.ಎಸ್. ಲೂಯಿಸ್ ಅವರ ಏಳು ಪುಸ್ತಕ, 1950ರಿಂದ 1956ರವರೆಗೆ ವರ್ಷಕ್ಕೊಂದರಂತೆ ಬಂದವು. ಅತ್ತೆಯವರ ಮುಂದೆ ಇದನ್ನು ಇಡುವಾಗ ಏನನ್ನೂ ಮುಚ್ಚಿಡಬೇಡಿ. ಮಾಟಗಾತಿ ಇದ್ದಾಳೆ, ಅವಳೇ ವೈರಿ, ಅದು ಸರಿ. ಆದರೆ ಮೂರನೆಯ ಪುಸ್ತಕದಲ್ಲಿ ಲೂಸಿ ಅನ್ನುವ ಒಳ್ಳೆಯ ಹುಡುಗಿಯೇ ಒಬ್ಬ ಮಾಂತ್ರಿಕನ ಗ್ರಂಥ ತೆರೆದು ಮಂತ್ರ ಓದುತ್ತಾಳೆ. ಎರಡನೆಯದರಲ್ಲಿ ಗ್ರೀಕರ ಮದ್ಯದ ದೇವರು ಬ್ಯಾಕಸ್ ಬಂದು ಕುಣಿಯುತ್ತಾನೆ. ಇದನ್ನು ನೀವು ಮೊದಲೇ ಹೇಳದೆ ಇದ್ದು, ಅತ್ತೆಗೆ ಬೇರೆ ಯಾರಾದರೂ ಹೇಳಿದರೆ, ಪುಸ್ತಕದ ಜೊತೆ ನಿಮ್ಮ ಮೇಲಿನ ನಂಬಿಕೆಯೂ ಹೋಗುತ್ತದೆ.

ಅವರಿಗೆ ಒಂದೇ ಒಂದು ಅಧ್ಯಾಯ ಓದಿ ಹೇಳಿ. ‘ದಿ ವಾಯೇಜ್ ಆಫ್ ದಿ ಡಾನ್ ಟ್ರೆಡರ್’ ಪುಸ್ತಕದ ಏಳನೆಯ ಅಧ್ಯಾಯ. ಯೂಸ್ಟಸ್ ಅಂತ ಒಬ್ಬ ಹುಡುಗ, ಸಹಿಸಲಾಗದಷ್ಟು ಕಿರಿಕಿರಿ. ಡ್ರ್ಯಾಗನ್ ಕೂಡಿಟ್ಟ ನಿಧಿಯ ಮೇಲೆ ಆಸೆಬುರುಕ ಯೋಚನೆ ಮಾಡುತ್ತಾ ಮಲಗಿದವನು, ಎದ್ದಾಗ ತಾನೇ ಡ್ರ್ಯಾಗನ್ ಆಗಿರುತ್ತಾನೆ. ತೋಳಿಗೆ ಹಾಕಿಕೊಂಡಿದ್ದ ಚಿನ್ನದ ಬಳೆ ಈಗ ಮಾಂಸ ಕಚ್ಚುತ್ತಿದೆ. ಒಂದು ರಾತ್ರಿ ಆಸ್ಲಾನ್ ಅನ್ನುವ ಸಿಂಹ ಬಂದು ಅವನನ್ನು ಬೆಟ್ಟದ ಮೇಲಿನ ಒಂದು ಬಾವಿಯ ಹತ್ತಿರ ಕರೆದುಕೊಂಡು ಹೋಗುತ್ತದೆ. ನೀರಿಗೆ ಇಳಿಯುವ ಮೊದಲು ಬಟ್ಟೆ ಕಳಚಬೇಕು ಅನ್ನುತ್ತದೆ. ಯೂಸ್ಟಸ್ ಕೆರೆದುಕೊಳ್ಳುತ್ತಾನೆ, ಇಡೀ ಚರ್ಮ ಸುಲಿದು ಬರುತ್ತದೆ. ಖುಷಿಯಿಂದ ನೀರಿನ ಕಡೆ ಹೋದರೆ ಕಾಲ ಮೇಲೆ ಮತ್ತೆ ಅದೇ ಒರಟು ಚಿಪ್ಪು. ಅದನ್ನೂ ಸುಲಿಯುತ್ತಾನೆ. ಕೆಳಗೆ ಇನ್ನೊಂದು. ಮೂರನೆಯ ಸಲವೂ ಅಷ್ಟೇ. ಕೊನೆಗೆ ಸಿಂಹ, ನಾನೇ ಕಳಚಬೇಕು ಅನ್ನುತ್ತದೆ. ಉಗುರು ಇಳಿಯುತ್ತದೆ, ಎದೆಯೊಳಗೇ ಇಳಿದ ಹಾಗೆ ನೋವು. ಆಮೇಲೆ ಎತ್ತಿ ನೀರಿಗೆ ಹಾಕುತ್ತದೆ. ಒಂದು ಕ್ಷಣ ಉರಿ, ನಂತರ ಅವನು ಮತ್ತೆ ಹುಡುಗ.

ಇಷ್ಟರಲ್ಲಿ ಪಾಪ ಅನ್ನುವ ಮಾತಿಲ್ಲ, ದೀಕ್ಷಾಸ್ನಾನ ಅನ್ನುವ ಮಾತಿಲ್ಲ. ಸಂಡೇ ಸ್ಕೂಲಿನಲ್ಲಿ ಇದನ್ನು ಓದಿದಾಗ ಹಿಂದಿನ ಬೆಂಚಿನ ಹುಡುಗರು ಕೂಡ ಸುಮ್ಮನಾಗುತ್ತಾರೆ. ಅತ್ತೆಯವರು ಸತ್ಯವೇದ ಬಲ್ಲವರು, ಅವರಿಗೆ ನೀವು ಏನೂ ವಿವರಿಸಬೇಕಾಗಿಲ್ಲ. ಕೇಳಿದ ಮೇಲೂ ಬೇಡ ಅಂದರೆ ಬೇಡ. ಮೊಲಗಳೇ ಇರಲಿ. ಪುಸ್ತಕಕ್ಕೋಸ್ಕರ ಅಜ್ಜಿ ಮೊಮ್ಮಗನ ನಡುವೆ ಗೋಡೆ ಕಟ್ಟಬೇಡಿ.

ಹನ್ನೊಂದು ತುಂಬಿದ ಮೇಲೆ ‘ದಿ ವಿಂಗ್‌ಫೆದರ್ ಸಾಗಾ’. ಬರೆದ ಆಂಡ್ರ್ಯೂ ಪೀಟರ್ಸನ್ ಹಾಡುಗಾರ. ನಾಲ್ಕು ಪುಸ್ತಕ, 2008ರಿಂದ 2014ರವರೆಗೆ ಬಂದವು. ಮೊದಲನೆಯದು ಪೂರ್ತಿ ತಮಾಷೆ. ಹಲ್ಲು ಚಾಚಿದ ಹಸುಗಳಿವೆ, ಅವು ಮನುಷ್ಯರನ್ನು ತಿನ್ನುತ್ತವೆ. ಪುಟದ ಕೆಳಗೆ ದೊಡ್ಡ ವಿದ್ವಾಂಸರ ಹಾಗೆ ಅಡಿಟಿಪ್ಪಣಿ ಹಾಕಿದ್ದಾರೆ, ಎಲ್ಲ ಸುಳ್ಳು! ಆದರೆ ರಾತ್ರಿ ಬಂದು ಮಕ್ಕಳನ್ನು ಎತ್ತಿಕೊಂಡು ಹೋಗುವ ಕಪ್ಪು ಗಾಡಿ ಇದೆ. ಎರಡನೆಯದರಲ್ಲಿ ಮಕ್ಕಳನ್ನು ಗುಲಾಮರ ಹಾಗೆ ದುಡಿಸುವ ಕಾರ್ಖಾನೆ ಬರುತ್ತದೆ. ಎಂಟು ವರ್ಷದ ತಂಗಿ ಇದ್ದರೆ ಅವಳ ಕೈಗೆ ಸಿಗದ ಹಾಗೆ ನೋಡಿಕೊಳ್ಳಿ.

ಸೀರೀಸ್ ಕೇಳಿದ್ದೀರಿ, ಗೊತ್ತು. ಆದರೂ ಸೀರೀಸ್ ಅಲ್ಲದ ಒಂದನ್ನು ಹೇಳದೆ ಬಿಡಲಾರೆ. ಪೆಟ್ರೀಷಿಯಾ ಸೇಂಟ್ ಜಾನ್ ಅವರ ‘ಟ್ರೆಷರ್ಸ್ ಆಫ್ ದಿ ಸ್ನೋ’, 1950ರದ್ದು. ಅವರು ಮೊರಾಕ್ಕೊದ ಟ್ಯಾಂಜಿಯರ್‌ನಲ್ಲಿ ನರ್ಸ್ ಆಗಿ ದುಡಿದ ಮಿಷನರಿ. ಕಥೆ ನಡೆಯುವುದು ಸ್ವಿಸ್ ಬೆಟ್ಟಗಳಲ್ಲಿ. ಲೂಸಿಯನ್ ಅನ್ನುವ ಹುಡುಗ ಹೆದರಿಸಲು ಅಂತ ಒಂದು ಬೆಕ್ಕಿನ ಮರಿಯನ್ನು ಕಮರಿಯ ಮೇಲೆ ತೂಗುತ್ತಾನೆ. ಅದು ಜಾರುತ್ತದೆ. ಅದನ್ನು ಹಿಡಿಯಲು ಹೋದ ಪುಟ್ಟ ಡ್ಯಾನಿ ಬಿದ್ದು ಕುಂಟನಾಗುತ್ತಾನೆ. ಡ್ಯಾನಿಯ ಅಕ್ಕ ಕ್ಷಮಿಸಲು ತಯಾರಿಲ್ಲ. ರಾಕ್ಷಸರಿಲ್ಲ, ರಾಜರಿಲ್ಲ. ಕ್ಷಮಿಸುವುದು ಎಷ್ಟು ಕಷ್ಟ ಅನ್ನುವುದನ್ನು ಇಷ್ಟು ನೇರವಾಗಿ ಮಕ್ಕಳಿಗೆ ಹೇಳಿದ ಪುಸ್ತಕ ನಮ್ಮ ಕಪಾಟಿನಲ್ಲಿ ಇನ್ನೊಂದಿಲ್ಲ. ಕೊನೆಗೆ ಲೂಸಿಯನ್ ಹಿಮಪಾತದ ರಾತ್ರಿ ಒಬ್ಬನೇ ಕಣಿವೆ ದಾಟಿ ಡಾಕ್ಟರನ್ನು ಹುಡುಕಿಕೊಂಡು ಹೋಗುವುದನ್ನು ಓದುವಾಗ ನಿಮ್ಮ ಮಗ ಊಟಕ್ಕೆ ಕರೆದರೂ ಏಳುವುದಿಲ್ಲ.

ಪ್ರಶ್ನೆ: ನಾರ್ನಿಯಾ ಬಾಕ್ಸ್‌ನಲ್ಲಿ ‘1’ ಅಂತ ನಂಬರ್ ಇರುವುದು ‘ದಿ ಮ್ಯಾಜಿಷಿಯನ್ಸ್ ನೆಫ್ಯೂ’. ನನ್ನ ಸ್ನೇಹಿತರು ಅದರಿಂದ ಶುರು ಮಾಡಬೇಡಿ ಅನ್ನುತ್ತಾರೆ. ಯಾಕೆ?
– ಹಾಸನದ ಒಬ್ಬ ಓದುಗರು

ಉತ್ತರ: ನಿಮ್ಮ ಸ್ನೇಹಿತರು ಹೇಳುವುದು ಸರಿ. ಅದು ಬಂದದ್ದು 1955ರಲ್ಲಿ, ಆರನೆಯದಾಗಿ. ಕಥೆಯ ಕಾಲದಲ್ಲಿ ಎಲ್ಲಕ್ಕಿಂತ ಹಿಂದಿನದು, ಅದಕ್ಕೇ ಆ ನಂಬರ್. 1994ರಲ್ಲಿ ಹಾರ್ಪರ್‌ಕಾಲಿನ್ಸ್ ಪ್ರಕಾಶನ ಇಡೀ ಸರಣಿಗೆ ಈ ಕ್ರಮವನ್ನೇ ಹಿಡಿಯಿತು. ಅವರ ಕೈಯಲ್ಲಿ ಒಂದು ಆಧಾರವೂ ಇತ್ತು. 1957ರಲ್ಲಿ ಒಬ್ಬ ಪುಟ್ಟ ಓದುಗನಿಗೆ ಬರೆದ ಕಾಗದದಲ್ಲಿ ಲೂಯಿಸ್ ಅವರೇ, ಕಾಲದ ಕ್ರಮವೇ ನನಗೂ ಇಷ್ಟ ಅಂದಿದ್ದರು.

ಆದರೂ ನಾನು ಲೂಯಿಸ್ ಮಾತು ಕೇಳುವುದಿಲ್ಲ. 1950ರ ‘ದಿ ಲಯನ್, ದಿ ವಿಚ್ ಆ್ಯಂಡ್ ದಿ ವಾರ್ಡ್ರೋಬ್’ ಪುಸ್ತಕದಲ್ಲಿ ಆಸ್ಲಾನ್ ಅನ್ನುವ ಹೆಸರು ಮೊದಲ ಸಲ ಬಂದಾಗ, ಅದು ಯಾರು ಅಂತ ನಿಮಗೆ ಹೇಗೆ ಗೊತ್ತಿಲ್ಲವೋ ಆ ಮಕ್ಕಳಿಗೂ ಹಾಗೇ ಗೊತ್ತಿರಲಿಲ್ಲ ಅಂತ ಲೇಖಕರು ಹೇಳುತ್ತಾರೆ. ‘1’ ಓದಿ ಬಂದ ಮಗುವಿಗೆ ಗೊತ್ತಿರುತ್ತದೆ! ಕಪಾಟಿನೊಳಗೆ ತುಪ್ಪಳದ ಕೋಟುಗಳನ್ನು ಸರಿಸುತ್ತಾ ಹೋದ ಲೂಸಿಯ ಕಾಲಿಗೆ ಹಿಮ ಸಿಗುತ್ತದೆ, ಕಾಡಿನ ನಡುವೆ ಒಂದು ಬೀದಿ ದೀಪ ಉರಿಯುತ್ತಿದೆ. ಆ ದೀಪ ಅಲ್ಲಿಗೆ ಹೇಗೆ ಬಂತು ಅಂತ ಮಗು ಐದು ಪುಸ್ತಕ ತಲೆ ಕೆಡಿಸಿಕೊಳ್ಳಲಿ. ಉತ್ತರ ಆರನೆಯದರಲ್ಲಿ ಸಿಕ್ಕಾಗ ಕುಣಿಯುತ್ತದೆ.

ಪ್ರಶ್ನೆ: ನಾವು ಹಿಂದೂಗಳು. ನನ್ನ ಹನ್ನೊಂದು ವರ್ಷದ ಮಗಳು ಕಾನ್ವೆಂಟ್ ಲೈಬ್ರರಿಯಿಂದ ನಾರ್ನಿಯಾ ತಂದು ಓದುತ್ತಿದ್ದಾಳೆ. ಅದು ಮತಪ್ರಚಾರದ ಪುಸ್ತಕ ಅಂತ ಒಬ್ಬರು ಹೆದರಿಸಿದರು. ನಿಜವೇ? ನೀವು ಕ್ರೈಸ್ತರೇ ಆದ್ದರಿಂದ ನಿಮ್ಮನ್ನೇ ಕೇಳುತ್ತಿದ್ದೇನೆ.
– ದಾವಣಗೆರೆಯ ಒಬ್ಬ ತಾಯಿ

ಉತ್ತರ: ನೇರವಾಗಿ ಕೇಳಿದ್ದಕ್ಕೆ ಖುಷಿಯಾಯಿತು. ನೇರವಾಗಿಯೇ ಹೇಳುತ್ತೇನೆ. ಹೌದು, ಅದು ಕ್ರೈಸ್ತ ಕಥೆ. ಎಡ್ಮಂಡ್ ಅನ್ನುವ ಹುಡುಗ ಮಾಟಗಾತಿ ಕೊಟ್ಟ ಮಿಠಾಯಿಯ ಆಸೆಗೆ ಒಡಹುಟ್ಟಿದವರಿಗೇ ದ್ರೋಹ ಮಾಡುತ್ತಾನೆ. ಅವನ ಬದಲಿಗೆ ಸಿಂಹ ಕಲ್ಲಿನ ಮೇಜಿನ ಮೇಲೆ ಸಾಯುತ್ತದೆ, ಬೆಳಗಾದಾಗ ಎದ್ದು ಬರುತ್ತದೆ. ಇದು ಯೇಸುವಿನ ಕಥೆಯ ನೆರಳು ಅಂತ ನಮ್ಮ ಸಭೆಯ ಯಾವ ಮಗುವೂ ಹೇಳುತ್ತದೆ. ಲೂಯಿಸ್ ತಿಳಿದೇ ಬರೆದದ್ದು. ನಾರ್ನಿಯಾದಂಥ ಒಂದು ಲೋಕವಿದ್ದು, ಅಲ್ಲಿಗೆ ದೇವಕುಮಾರ ಬಂದರೆ ಹೇಗಿರುತ್ತಿತ್ತು ಅಂತ ಊಹಿಸಿ ಬರೆದೆ ಅನ್ನುತ್ತಿದ್ದರು. ಆದರೆ ಓದುವ ಮಗು ಮತ ಬದಲಿಸಬೇಕು ಅಂತ ಪುಸ್ತಕ ಎಲ್ಲೂ ಕೇಳುವುದಿಲ್ಲ. ನಿಮ್ಮ ಮಗಳು ಮಾತಾಡುವ ಬೀವರ್ ದಂಪತಿಯ ಮನೆಯ ಊಟ ನೆನಪಿಟ್ಟುಕೊಳ್ಳುತ್ತಾಳೆ.

ನಿಮ್ಮ ಜಾಗದಲ್ಲಿ ನಾನಿದ್ದರೆ ಬೇರೆ ಒಂದು ಕಡೆ ಹುಷಾರಾಗಿರುತ್ತಿದ್ದೆ. ಕೊನೆಯ ಪುಸ್ತಕ ‘ದಿ ಲಾಸ್ಟ್ ಬ್ಯಾಟಲ್’, ಐದನೆಯದಾಗಿ ಬಂದ ‘ದಿ ಹಾರ್ಸ್ ಆ್ಯಂಡ್ ಹಿಸ್ ಬಾಯ್’ ಎರಡನ್ನೂ ಅವಳ ಜೊತೆ ಕೂತು ಓದಿ. ಅವುಗಳಲ್ಲಿ ಕ್ಯಾಲೊರ್ಮೆನ್ ಅನ್ನುವ ದೇಶ ಬರುತ್ತದೆ. ಜನ ಕಪ್ಪು ಮೈಬಣ್ಣದವರು, ಪೇಟ ಸುತ್ತುತ್ತಾರೆ, ಹೆಚ್ಚಿನವರು ಕ್ರೂರಿಗಳು. ಅವರ ದೇವರು ಟ್ಯಾಶ್‌ಗೆ ಹದ್ದಿನಂಥ ತಲೆ, ನಾಲ್ಕು ಕೈ. ಅವನು ನಡೆದ ಕಡೆ ಹುಲ್ಲು ಬಾಡುತ್ತದೆ. ನಾಲ್ಕು ಕೈಯ ದೇವರಿಗೆ ಕೈಮುಗಿಯುವ ಮನೆಯ ಹುಡುಗಿಗೆ ಇದನ್ನು ಓದಿದಾಗ ಏನನ್ನಿಸುತ್ತದೆ ಅಂತ ಲೂಯಿಸ್ ಯೋಚಿಸಿದ ಹಾಗೆ ಕಾಣುವುದಿಲ್ಲ. ನಮ್ಮ ಮಕ್ಕಳ ಜೊತೆಯೂ ನಾನು ಇದನ್ನು ಮಾತಾಡದೆ ಬಿಡುವುದಿಲ್ಲ. ಅವರ ಪಕ್ಕದ ಬೆಂಚಿನಲ್ಲಿ ಕೂರುವುದು ನಿಮ್ಮ ಮಕ್ಕಳೇ ಅಲ್ವಾ.

‘ದಿ ಲಾಸ್ಟ್ ಬ್ಯಾಟಲ್’ನಲ್ಲೇ ಎಮೆತ್ ಅನ್ನುವ ಕ್ಯಾಲೊರ್ಮೆನ್ ಸಿಪಾಯಿ ಇದ್ದಾನೆ. ಜೀವಮಾನವೆಲ್ಲ ಪ್ರಾಮಾಣಿಕವಾಗಿ ಟ್ಯಾಶ್‌ನನ್ನೇ ಪೂಜಿಸಿದವನು. ಕೊನೆಗೆ ಆಸ್ಲಾನ್ ಅವನನ್ನು ಪ್ರೀತಿಯಿಂದ ಬರಮಾಡಿಕೊಳ್ಳುತ್ತಾನೆ. ನೀನು ಟ್ಯಾಶ್‌ನ ಹೆಸರಿನಲ್ಲಿ ಮಾಡಿದ ಒಳ್ಳೆಯದೆಲ್ಲ ನನಗೆ ಬಂದು ಸೇರಿದೆ ಅನ್ನುತ್ತಾನೆ. ಈ ಎರಡು ಪುಟದ ಮೇಲೆ ನಮ್ಮವರಲ್ಲೇ ಎಷ್ಟೋ ಜನರಿಗೆ ಲೂಯಿಸ್ ಮೇಲೆ ಕೋಪ. ಅಂದರೆ ಈ ಪುಸ್ತಕದ ಮೇಲೆ ದೂರು ನಿಮ್ಮ ಕಡೆಯಿಂದ ಮಾತ್ರ ಅಲ್ಲ, ನಮ್ಮ ಕಡೆಯಿಂದಲೂ ಇದೆ. ಇನ್ನೊಂದು, ಕೊನೆಯ ಪುಸ್ತಕದಲ್ಲಿ ನಾವು ಪ್ರೀತಿಸಿದ ಮಕ್ಕಳು ರೈಲು ಅಪಘಾತದಲ್ಲಿ ತೀರಿಹೋಗಿರುತ್ತಾರೆ. ಮನೆಯಲ್ಲಿ ಇತ್ತೀಚೆಗೆ ಸಾವಾಗಿದ್ದರೆ ಸ್ವಲ್ಪ ತಡೆದು ಕೊಡಿ.

ಪ್ರಶ್ನೆ: ಮಗಳಿಗೆ ಏಳು. ಇಂಗ್ಲಿಷ್ ಈಗಷ್ಟೇ ಸರಾಗವಾಗುತ್ತಿದೆ. ದಪ್ಪ ಪುಸ್ತಕ ಕಂಡರೆ ಓಡುತ್ತಾಳೆ.
– ಶಿವಮೊಗ್ಗ

ಉತ್ತರ: ‘ದಿ ಇಮ್ಯಾಜಿನೇಷನ್ ಸ್ಟೇಷನ್’. ತೆಳ್ಳಗಿನ ಪುಸ್ತಕಗಳು, ಚಿಕ್ಕ ಅಧ್ಯಾಯಗಳು. ಪ್ಯಾಟ್ರಿಕ್ ಮತ್ತು ಬೆತ್ ಅನ್ನುವ ಮಕ್ಕಳು ಒಂದು ಯಂತ್ರದಲ್ಲಿ ಕೂತು ಹಳೆಯ ಕಾಲಕ್ಕೆ ಹೋಗುತ್ತಾರೆ. ಒಮ್ಮೆ ವೈಕಿಂಗ್ ಹಡಗಿಗೆ, ಒಮ್ಮೆ ರೋಮಿನ ಕಾಳಗದ ಕಣಕ್ಕೆ, ಒಮ್ಮೆ ಕುಬ್ಲಾಯ್ ಖಾನ್ ಅರಮನೆಗೆ. ದೊಡ್ಡ ಸಾಹಿತ್ಯ ಅಲ್ಲ. ಎಲ್ಲ ಒಂದೇ ಅಚ್ಚು. ಆ ವಯಸ್ಸಿಗೆ ಬೇಕಾದದ್ದೂ ಅದೇ, ಒಂದು ಪುಸ್ತಕ ತಾನೇ ಓದಿ ಮುಗಿಸಿದೆ ಅನ್ನುವ ಜಂಬ. ಹತ್ತಿರದ ಸಭೆಯ ಲೈಬ್ರರಿಯಲ್ಲಿ ಸಿಕ್ಕರೆ ಎರವಲು ತನ್ನಿ. ಒಂದು ವರ್ಷದಲ್ಲಿ ಇದನ್ನು ದಾಟಿ ಹೋಗುತ್ತಾಳೆ.

ಪ್ರಶ್ನೆ: ಕ್ರೈಸ್ತ ಸಾಹಸ ಪುಸ್ತಕ ಅಂತ ಸಿಗುವುದೆಲ್ಲ ಪ್ರೊಟೆಸ್ಟೆಂಟರದ್ದೇ. ನಾವು ಕ್ಯಾಥೊಲಿಕರು. ಯಾರೋ ‘ಟ್ರೇಲ್‌ಬ್ಲೇಜರ್’ ಸರಣಿ ಕೊಟ್ಟರು. ಅದರಲ್ಲಿ ನಮ್ಮ ಇಗರ್ಜಿಯವರೇ ಖಳನಾಯಕರು!
– ಶಿರ್ವದ ಒಬ್ಬ ತಾಯಿ

ಉತ್ತರ: ನಿಮ್ಮ ಬೇಸರ ಅರ್ಥವಾಗುತ್ತದೆ. ಡೇವ್ ಮತ್ತು ನೀಟಾ ಜಾಕ್ಸನ್ ದಂಪತಿ ಬರೆದ ಆ ಸರಣಿಯಲ್ಲಿ 40 ಪುಸ್ತಕ. ಪ್ರತಿಯೊಂದರಲ್ಲೂ ಒಬ್ಬ ನಿಜವಾದ ಕ್ರೈಸ್ತ ಧೀರ, ಅವರ ಪಕ್ಕದಲ್ಲಿ ಒಂದು ಮಗು. ಕ್ಯಾಥೊಲಿಕ್ ಸಭೆಯನ್ನು ಎದುರು ಹಾಕಿಕೊಂಡ ಸುಧಾರಕರಾದ ಲೂಥರ್, ಟಿಂಡೇಲ್ ಪುಸ್ತಕಗಳಲ್ಲಿ ಬೆನ್ನಟ್ಟಿ ಬರುವವರು ಯಾರಿರಬೇಕು, ಹೇಳಿ? ಆ ಕಾಲದ ಇತಿಹಾಸವೂ ಹಾಗೇ ಇತ್ತು. ಆದರೆ ಎರಡೂ ಕಡೆಯವರು ಬೆಂಕಿ ಹಚ್ಚಿದ್ದರು ಅನ್ನುವುದು ಮಗುವಿಗೆ ಆ ಪುಸ್ತಕದಿಂದ ಗೊತ್ತಾಗುವುದಿಲ್ಲ. ಆ ಎರಡನ್ನು ಪಕ್ಕಕ್ಕಿಡಿ, ಮಿಕ್ಕವನ್ನು ನೋಡಿ.

ನಿಮ್ಮವರದ್ದೂ ಇವೆ. 1955ರಲ್ಲಿ ಅಮೆರಿಕದಲ್ಲಿ ಶುರುವಾದ ‘ವಿಷನ್ ಬುಕ್ಸ್’ ಮಾಲೆ ಸಂತರ ಜೀವನವನ್ನು ಕಥೆಯ ಹಾಗೆ ಹೇಳುತ್ತದೆ, ಈಗ ಇಗ್ನೇಷಿಯಸ್ ಪ್ರೆಸ್ ಮರುಮುದ್ರಣ ಮಾಡುತ್ತಿದೆ. ಅದರಲ್ಲಿ ಸಂತ ಫ್ರಾನ್ಸಿಸ್ ಕ್ಸೇವಿಯರ್ ಪುಸ್ತಕದಿಂದ ಶುರು ಮಾಡಿ. ಲಿಸ್ಬನ್‌ನಿಂದ ಹೊರಟು ವರ್ಷಕ್ಕೂ ಮೇಲೆ ಪ್ರಯಾಣ ಮಾಡಿ, 1542ರ ಮೇ ತಿಂಗಳಲ್ಲಿ ಗೋವಾ ಮುಟ್ಟಿದವರು. ಆಮೇಲೆ ಮಲಕ್ಕಾ, ಜಪಾನ್. ಸಾಹಸಕ್ಕೆ ಬೇರೇನು ಬೇಕು? ಅವರ ದೇಹ ಇಟ್ಟಿರುವ ಗೋವಾದ ಇಗರ್ಜಿ ಶಿರ್ವದ ಮಗುವಿಗೆ ರೈಲು ಹತ್ತಿದರೆ ಸಿಗುವ ದೂರದಲ್ಲಿದೆ. ಹುಡುಗ ಹನ್ನೆರಡು ದಾಟಿದ್ದರೆ ಟೋಲ್ಕಿನ್. ಅವರು ಗಟ್ಟಿ ಕ್ಯಾಥೊಲಿಕರು. 1937ರ ‘ದಿ ಹಾಬಿಟ್’ನಲ್ಲಿ ದೇವರ ಹೆಸರೇ ಇಲ್ಲ. ಆದರೂ ಕೈಗೆ ಸಿಕ್ಕ ವೈರಿಯನ್ನು ಕೊಲ್ಲದೆ ಬಿಡುವ ಆ ಒಂದು ಕ್ಷಣ ಇಡೀ ಮುಂದಿನ ಕಥೆಯನ್ನು ಹೊರುತ್ತದೆ.

ಪ್ರಶ್ನೆ: ನಮ್ಮ ಸಂಡೇ ಸ್ಕೂಲ್ ಮಕ್ಕಳು ಹಿಮ, ತೋಳ, ಕೋಟೆ ಓದಿ ಓದಿ ಸಾಕಾಗಿದ್ದಾರೆ. ನಮ್ಮ ನೆಲದ ಸಾಹಸ ಇಲ್ಲವೇ?
– ಕೋಲಾರದ ಒಬ್ಬ ಶಿಕ್ಷಕಿ

ಉತ್ತರ: ಇದೆ, ಆದರೆ ಬರೆದವರು ಹೊರಗಿನವರು. ಮೇಲೆ ಹೇಳಿದ ಟ್ರೇಲ್‌ಬ್ಲೇಜರ್‌ನಲ್ಲೇ ‘ದಿ ಹಿಡನ್ ಜ್ಯುವೆಲ್’ ಅಂತ ಏಮಿ ಕಾರ್ಮೈಕಲ್ ಅವರ ಮೇಲೊಂದಿದೆ. ಐರ್ಲೆಂಡಿನ ಈ ಹೆಣ್ಣುಮಗಳು 1895ರಲ್ಲಿ ಭಾರತಕ್ಕೆ ಬಂದು ಮೊದಲು ಕೆಲಸ ಮಾಡಿದ್ದು ಬೆಂಗಳೂರಿನಲ್ಲಿ. ಆಮೇಲೆ ತಮಿಳುನಾಡಿನ ತಿರುನೆಲ್ವೇಲಿ ಕಡೆಗೆ ಹೋದರು, ದೋಣಾವೂರಿನಲ್ಲಿ ನೆಲೆ ನಿಂತರು. ದೇವಸ್ಥಾನಗಳಿಗೆ ಒಪ್ಪಿಸಿದ್ದ ಹೆಣ್ಣುಮಕ್ಕಳನ್ನು ಬಿಡಿಸಿ ಸಾಕಿದರು. 1951ರಲ್ಲಿ ತೀರಿಕೊಳ್ಳುವವರೆಗೆ ವಾಪಸ್ ಹೋಗಲೇ ಇಲ್ಲ. ಓದಿಸುವಾಗ ಪೊನ್ನಮ್ಮಾಳ್ ಹೆಸರನ್ನು ನೀವು ಸೇರಿಸಿ ಹೇಳಿ. ದೋಣಾವೂರಿನ ಮಕ್ಕಳನ್ನು ಎತ್ತಿ ಆಡಿಸಿ ಬೆಳೆಸಿದ ತಮಿಳು ವಿಧವೆ ಆಕೆ. ಏಮಿ ಅವರೇ ಆಕೆಯ ಜೀವನ ಬರೆದರು. ವಿದೇಶದ ಮಕ್ಕಳ ಪುಸ್ತಕಗಳಲ್ಲಿ ಬಿಳಿಯರು ಕಾಪಾಡುತ್ತಾರೆ, ನಮ್ಮವರು ಕಾಪಾಡಿಸಿಕೊಳ್ಳುತ್ತಾರೆ. ಕೋಲಾರದ ಮಕ್ಕಳು ಅಷ್ಟನ್ನೇ ನಂಬಬಾರದು.

ಜಾನೆಟ್ ಮತ್ತು ಜೆಫ್ ಬೆಂಜ್ ಅವರ ‘ಕ್ರಿಶ್ಚಿಯನ್ ಹೀರೋಸ್: ದೆನ್ ಆ್ಯಂಡ್ ನೌ’ ಮಾಲೆಯಲ್ಲಿ ಸಾಧು ಸುಂದರ್ ಸಿಂಗ್ ಇದ್ದಾರೆ. ಪಂಜಾಬಿನ ಸಿಖ್ ಮನೆಯ ಹುಡುಗ. 1905ರಲ್ಲಿ ಸಿಮ್ಲಾದಲ್ಲಿ ದೀಕ್ಷಾಸ್ನಾನ. ಕಾವಿ ಉಟ್ಟು ಹಿಮಾಲಯ ದಾಟಿ ಟಿಬೆಟ್‌ಗೆ ಹೋಗುತ್ತಿದ್ದರು. 1929ರಲ್ಲಿ ಹೋದವರು ಮತ್ತೆ ಸಿಗಲೇ ಇಲ್ಲ. ಹುಡುಗರು ಇದನ್ನು ಒಂದೇ ಉಸಿರಿಗೆ ಓದುತ್ತಾರೆ. ಹುಡುಗಿಯರಿಗೆ ಅದೇ ಮಾಲೆಯ ಐಡಾ ಸ್ಕಡರ್, ಅಮೆರಿಕದ ಮಿಷನರಿ ಡಾಕ್ಟರೊಬ್ಬರ ಮಗಳು. ತಿಂಡಿವನಂನಲ್ಲಿ ಒಂದೇ ರಾತ್ರಿ ಮೂವರು ಗಂಡಸರು, ಒಬ್ಬರಾದ ಮೇಲೆ ಒಬ್ಬರು, ಬಾಗಿಲು ತಟ್ಟಿದರು. ಹೆಂಡತಿಗೆ ಹೆರಿಗೆ ಕಷ್ಟವಾಗಿದೆ, ನೀವು ಬನ್ನಿ ಅಂತ. ನಾನು ಡಾಕ್ಟರಲ್ಲ, ನಮ್ಮಪ್ಪ ಡಾಕ್ಟರು ಅಂದಳು ಆ ಹುಡುಗಿ. ಗಂಡಸು ನಮ್ಮ ಹೆಂಗಸನ್ನು ಮುಟ್ಟುವುದು ಬೇಡ ಅಂತ ಮೂವರೂ ವಾಪಸ್ ಹೋದರು. ಬೆಳಗಾಗುವಷ್ಟರಲ್ಲಿ ಮೂವರು ಹೆಂಗಸರೂ ಸತ್ತಿದ್ದರು. ಐಡಾ ಅಮೆರಿಕಕ್ಕೆ ಹೋಗಿ ಡಾಕ್ಟರಾಗಿ ಬಂದರು, 1900ರಲ್ಲಿ ವೆಲ್ಲೂರಿನಲ್ಲಿ ಒಂದೇ ಹಾಸಿಗೆಯ ಆಸ್ಪತ್ರೆ ತೆರೆದರು. ಈಗಿನ ಸಿಎಂಸಿ ಅದೇ. ನಿಮ್ಮ ಕ್ಲಾಸಿನಲ್ಲಿ ಯಾರದಾದರೂ ಮನೆಯವರು ಅಲ್ಲಿಗೆ ಚಿಕಿತ್ಸೆಗೆ ಹೋಗಿ ಬಂದೇ ಇರುತ್ತಾರೆ, ಕೇಳಿ ನೋಡಿ.

ಪ್ರಶ್ನೆ: ನನಗೆ ಹದಿಮೂರು. ಒಬ್ಬ ಅಣ್ಣ ‘ಲೆಫ್ಟ್ ಬಿಹೈಂಡ್: ದಿ ಕಿಡ್ಸ್’ ಕೊಟ್ಟರು. ಮೊನ್ನೆ ಸ್ಕೂಲಿನಿಂದ ಬಂದಾಗ ಮನೆಯಲ್ಲಿ ಯಾರೂ ಇರಲಿಲ್ಲ. ಎಲ್ಲರನ್ನೂ ದೇವರು ಕರೆದುಕೊಂಡು ಹೋದ, ನಾನೊಬ್ಬನೇ ಉಳಿದೆ ಅಂದುಕೊಂಡು ಅತ್ತುಬಿಟ್ಟೆ. ಅಮ್ಮ ಮಾರ್ಕೆಟ್‌ಗೆ ಹೋಗಿದ್ದರು. ಯಾರಿಗೂ ಹೇಳಿಲ್ಲ.
– ಹುಬ್ಬಳ್ಳಿ

ಉತ್ತರ: ಮಗಾ, ನನಗೆ ಹೇಳಿದೆಯಲ್ಲ, ಒಳ್ಳೆಯದಾಯಿತು. ಆ ಹೆದರಿಕೆ ನಿನಗೊಬ್ಬನಿಗೇ ಆದದ್ದಲ್ಲ. ಅಮೆರಿಕದಲ್ಲಿ ಈ ಬೋಧನೆ ಕೇಳಿ ಬೆಳೆದ ಎಷ್ಟೋ ಜನ ದೊಡ್ಡವರಾದ ಮೇಲೆ ಇದನ್ನೇ ಹೇಳಿಕೊಂಡಿದ್ದಾರೆ.

ಆ ಸರಣಿ 1998ರಿಂದ 2004ರವರೆಗೆ ಬಂತು, 40 ಪುಸ್ತಕ. ಬರೆದವರು ಜೆರ್ರಿ ಜೆಂಕಿನ್ಸ್ ಮತ್ತು ಟಿಮ್ ಲಾಹೇ. ವಿಶ್ವಾಸಿಗಳು ಒಂದು ಕ್ಷಣದಲ್ಲಿ ಮಾಯವಾಗುತ್ತಾರೆ, ಮಿಕ್ಕವರಿಗೆ ಏಳು ವರ್ಷ ಸಂಕಟ ಅನ್ನುವ ಲೆಕ್ಕ ಅದರಲ್ಲಿದೆ. ಅದು ಸತ್ಯವೇದದ ಕೊನೆಯ ಪುಸ್ತಕವಾದ ‘ಪ್ರಕಟನೆ’ಯನ್ನು ಓದುವ ಒಂದು ರೀತಿ ಮಾತ್ರ. ಹತ್ತೊಂಬತ್ತನೆಯ ಶತಮಾನದಲ್ಲಿ ಜಾನ್ ನೆಲ್ಸನ್ ಡಾರ್ಬಿ ಅನ್ನುವವರಿಂದ ಹೆಚ್ಚು ಹರಡಿತು. ನಿಮ್ಮ ಸಭೆ ಅದನ್ನು ಕಲಿಸಬಹುದು, ಕಲಿಸದೆಯೂ ಇರಬಹುದು. ಕ್ಯಾಥೊಲಿಕರು ಹಾಗೆ ಕಲಿಸುವುದಿಲ್ಲ. ಯೇಸುವೇ ಮತ್ತಾಯ 24:36ರಲ್ಲಿ ಆ ದಿನ, ಆ ಗಳಿಗೆ ಯಾರಿಗೂ ಗೊತ್ತಿಲ್ಲ ಅಂದಿದ್ದಾರೆ. ಹಾಗಿರುವಾಗ ಕಾದಂಬರಿ ಬರೆದವರಿಗೆ ಹೇಗೆ ಗೊತ್ತಾಗುತ್ತದೆ?

ಇವತ್ತು ರಾತ್ರಿ ಊಟವಾದ ಮೇಲೆ ಅಮ್ಮನಿಗೆ ಹೇಳು. ಪುಸ್ತಕವನ್ನು ಆ ಅಣ್ಣನಿಗೆ ವಾಪಸ್ ಕೊಡು. ಅರ್ಧಕ್ಕೆ ನಿಲ್ಲಿಸಿದರೆ ಪಾಪವಲ್ಲ. ಓದಲು ಬೇಕೆಂದರೆ ಮೇಲೆ ಹೇಳಿದ ಸುಂದರ್ ಸಿಂಗ್ ಪುಸ್ತಕ ಹುಡುಕು. ದೊಡ್ಡವರಿಗೆ ಒಂದು ಮಾತು: ಹದಿನೈದಕ್ಕಿಂತ ಚಿಕ್ಕ ಮಕ್ಕಳಿಗೆ ಈ ಸರಣಿಯನ್ನು ನಾನು ಕಪಾಟಿನಿಂದ ಕೊಡುವುದಿಲ್ಲ. ಹೆದರಿಸಿ ತಂದ ಭಕ್ತಿ ಅಮ್ಮ ಮಾರ್ಕೆಟ್‌ನಿಂದ ಬರುವವರೆಗೆ ಮಾತ್ರ.

ಪ್ರಶ್ನೆ: ನಾನು ನಿವೃತ್ತ ಮೇಷ್ಟ್ರು. ಮೊಮ್ಮಗಳು ನ್ಯೂಜೆರ್ಸಿಯಲ್ಲಿದ್ದಾಳೆ, ಒಂಬತ್ತು ವರ್ಷ. ಕನ್ನಡ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ವಿಡಿಯೊ ಕಾಲ್‌ನಲ್ಲಿ ಏನಾದರೂ ಸಾಹಸ ಕಥೆ ಕನ್ನಡದಲ್ಲೇ ಓದಿ ಹೇಳೋಣ ಅಂತ ಆಸೆ.
– ಉಡುಪಿ

ಉತ್ತರ: ಮೇಷ್ಟ್ರೇ, ‘ಯಾತ್ರಿಕನ ಸಂಚಾರ’. ಜಾನ್ ಬನಿಯನ್ ಪುಸ್ತಕ, ಇಂಗ್ಲಿಷಿನಲ್ಲಿ 1678ರದ್ದು. ಕನ್ನಡಕ್ಕೆ ಬಾಸೆಲ್ ಮಿಷನ್ನಿನವರು 1840ರ ದಶಕದಲ್ಲೇ ತಂದರು. ಬನಿಯನ್ ಊರೂರು ತಿರುಗಿ ಪಾತ್ರೆ ರಿಪೇರಿ ಮಾಡುತ್ತಿದ್ದ ಮನುಷ್ಯ. ಲೈಸೆನ್ಸ್ ಇಲ್ಲದೆ ಪ್ರಸಂಗ ಮಾಡಿದ, ನಿಲ್ಲಿಸು ಅಂದರೆ ನಿಲ್ಲಿಸಲಿಲ್ಲ ಅಂತ ಬೆಡ್‌ಫರ್ಡ್ ಜೈಲಿನಲ್ಲಿ 12 ವರ್ಷ ಇದ್ದರು. ಇದನ್ನು ಮೊದಲು ಹೇಳಿ, ಮಕ್ಕಳಿಗೆ ಜೈಲು ಅಂದರೆ ಕಿವಿ ನೆಟ್ಟಗಾಗುತ್ತದೆ.

ಮೊದಲ ಪುಟದಿಂದ ಓದಬೇಡಿ. ಸಂಶಯದ ಕೋಟೆಯಿಂದ ಶುರು ಮಾಡಿ. ಯಾತ್ರಿಕನೂ ಜೊತೆಗಾರನೂ ನಡೆಯಲು ಸುಲಭ ಅಂತ ಪಕ್ಕದ ಹುಲ್ಲುಗಾವಲಿನ ದಾರಿ ಹಿಡಿದು ನಿರಾಶೆ ಅನ್ನುವ ರಾಕ್ಷಸನ ಕೈಗೆ ಸಿಕ್ಕಿಬೀಳುತ್ತಾರೆ. ಅವನು ಪ್ರತಿ ರಾತ್ರಿ ಹಾಸಿಗೆಯಲ್ಲಿ ಹೆಂಡತಿಯನ್ನು ಕೇಳುತ್ತಾನೆ, ನಾಳೆ ಇವರನ್ನು ಏನು ಮಾಡಲಿ ಅಂತ. ಅವಳು ಹೇಳಿಕೊಟ್ಟ ಹಾಗೆ ಬೆಳಿಗ್ಗೆ ಬಂದು ಬಡಿಯುತ್ತಾನೆ! ಬಿಸಿಲು ಬಂದ ದಿನ ಮಾತ್ರ ಅವನಿಗೆ ಫಿಟ್ಸ್ ಬಂದು ಕೈ ಆಡುವುದಿಲ್ಲ. ಬುಧವಾರದಿಂದ ಶನಿವಾರದವರೆಗೆ ಅನ್ನ ನೀರಿಲ್ಲದೆ ಬಿದ್ದಿದ್ದ ಯಾತ್ರಿಕನಿಗೆ ಥಟ್ಟನೆ ನೆನಪಾಗುತ್ತದೆ, ವಾಗ್ದಾನ ಅನ್ನುವ ಬೀಗದ ಕೈ ತನ್ನ ಎದೆಯ ಹತ್ತಿರವೇ ಇದೆ ಅಂತ. ಎಲ್ಲ ಬಾಗಿಲೂ ತೆರೆಯುತ್ತವೆ. ಹೊರಗಿನ ಕಬ್ಬಿಣದ ಗೇಟು ಮಾತ್ರ ಬಲು ಬಿಗಿ, ತೆರೆಯುವಾಗ ಕಿರ್ರ್ ಅನ್ನುತ್ತದೆ, ರಾಕ್ಷಸ ಎಚ್ಚರವಾಗುತ್ತಾನೆ. ಅಲ್ಲಿಗೆ ನಿಲ್ಲಿಸಿ ಕಾಲ್ ಕಟ್ ಮಾಡಿ. ಮಾರನೆಯ ದಿನ ಅವಳೇ ಫೋನ್ ಮಾಡುತ್ತಾಳೆ. ನಿಮ್ಮ ಸಂಜೆ ಆರೂವರೆ ಅಂದರೆ ಬೇಸಿಗೆ ತಿಂಗಳುಗಳಲ್ಲಿ ಅವಳಿಗೆ ಬೆಳಿಗ್ಗೆ ಒಂಬತ್ತು. ಶನಿವಾರ ಭಾನುವಾರ ಅನುಕೂಲ.

ಹಳೆಯ ಕನ್ನಡ ಅವಳಿಗೆ ಕಷ್ಟವಾದರೆ ವಾಕ್ಯಗಳನ್ನು ನೀವೇ ಉಡುಪಿಯ ಮಾತಿಗೆ ತಿರುಗಿಸಿ ಹೇಳಿ. ಹುಡುಗಿಯರು ಎಲ್ಲಿ ಅಂತ ಕೇಳಿದರೆ 1684ರ ಎರಡನೆಯ ಭಾಗಕ್ಕೆ ಹೋಗಿ. ಅದರಲ್ಲಿ ಯಾತ್ರಿಕನ ಹೆಂಡತಿ ಕ್ರಿಸ್ಟಿಯಾನಾ ನಾಲ್ಕು ಮಕ್ಕಳನ್ನು ಕಟ್ಟಿಕೊಂಡು ಹೊರಡುತ್ತಾಳೆ. ಮೊಮ್ಮಗಳು ತಾನೇ ಇಂಗ್ಲಿಷಿನಲ್ಲಿ ಓದಿಕೊಳ್ಳಲು ಹೆಲೆನ್ ಟೇಲರ್ ಅವರ ‘ಲಿಟಲ್ ಪಿಲ್ಗ್ರಿಮ್ಸ್ ಪ್ರೋಗ್ರೆಸ್’ ಅಲ್ಲಿ ಸುಲಭವಾಗಿ ಸಿಗುತ್ತದೆ. ಮನೆಯಲ್ಲಿ ಕನ್ನಡದ ಹಳೆಯ ಪ್ರತಿ ಇಲ್ಲದಿದ್ದರೆ ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನಲ್ಲಿ ವಿಚಾರಿಸಿ. ಬಾಸೆಲ್ ಮಿಷನ್ ಕಾಲದ ಪುಸ್ತಕಗಳ ಸಂಗ್ರಹ ಅಲ್ಲಿದೆ. ಅಜ್ಜನ ಕಾಲದ ಪ್ರತಿ ಸಿಕ್ಕರೆ ಅಗಲವಾಗಿ ಬಿಡಿಸಿ ಓದಬೇಡಿ, ಹೊಲಿಗೆ ಬಿಟ್ಟುಕೊಳ್ಳುತ್ತದೆ. ಬೇಕಾದ ಪುಟಗಳ ಫೋಟೊ ತೆಗೆದುಕೊಂಡು ಅದನ್ನು ನೋಡಿ ಓದಿ.